ದೊಡ್ಡ ಗುಂಡಿಗೆ

ಕೆಂಚಯ್ಯನ ಬೆನ್ನು ನೋಡಿ ಹೊಳೆನರಸೀಪುರದ ಗಾಡಿ ಎತ್ತುಗಳು ನಾಚಿಕೊಳ್ಳುತ್ತಿದ್ದವು ಎಂದು ಜನ ಹೇಳುತ್ತಿದ್ದರು. ಎತ್ತು ನಾಚಿದ್ದನ್ನು ಯಾರೂ ಕಂಡಿರಲಿಲ್ಲ ಅನ್ನಿ. ಆದರೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಕೆಂಚಯ್ಯ ಪಲ್ಲದ ಮೂಟೆ ಹೊತ್ತು ನಡೆಯುವುದನ್ನು ಕಂಡವರು ಬೇಕಾದಷ್ಟು ಮಂದಿ ಇದ್ದರು. ಪಲ್ಲವೆಂದರೆ ನೂರು ಸೇರು ಭತ್ತ. ಬೇರೆ ಹಮಾಲರಿಗೆ ಅದನ್ನು ಬೆನ್ನಿಗೇರಿಸಲು ಇಬ್ಬರು ಕೈ ಕೊಡಬೇಕು. ಕೆಂಚಯ್ಯ ಮಾತ್ರ ಮೂಟೆಯನ್ನು ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ತಿರುಗಿಸಿ, ಮಂಡಿ ಬಗ್ಗಿಸಿ, ಒಂದು ಸಲ 'ಹುಂ' ಅಂದರೆ ಸಾಕು, ಮೂಟೆ ಬೆನ್ನ ಮೇಲಿರುತ್ತಿತ್ತು. ಮೂಟೆ ಹೊತ್ತವನು ಬಾಯಿ ಮುಚ್ಚಿಕೊಂಡು ನಡೆಯಬೇಕು ಎನ್ನುವುದು ಆ ಕಸುಬಿನವರ ಮಾತು. ಇವನು ವ್ಯಾಗನ್ನಿಗೆ ಹಾಕಿದ ಹಲಗೆ ಹತ್ತುವಾಗಲೂ ಎಲೆಯಡಿಕೆ ಜಗಿಯುತ್ತ ಹಿಂದಿನವನನ್ನು ಬೈಯುತ್ತಿದ್ದ. ಅಷ್ಟು ಕಸುವು, ಅಷ್ಟೇ ಬಾಯಿ.

ಅವನ ಹೆಂಡತಿ ಮಾದಮ್ಮನಿಗೆ ಆ ಬೆನ್ನಿನ ಮೇಲೆ ಒಳಗೊಳಗೇ ಜಂಬ. ಪೇಟೆಯಿಂದ ಒಂದು ಹರದಾರಿ ದೂರ, ಅರಕಲಗೂಡು ರಸ್ತೆಯ ಮಗ್ಗುಲಿಗೆ ಅವರ ಊರು. ಕತ್ತಲಾಗುವ ಹೊತ್ತಿಗೆ ಅವನು ಮನೆಗೆ ಬಂದು ಕೂತರೆ ಅವಳು ಬಿಸಿನೀರು ಕಾಯಿಸಿ ಬೆನ್ನಿಗೆ ಹುಯ್ಯುತ್ತಿದ್ದಳು. ಗೋಣಿ ಉಜ್ಜಿ ಉಜ್ಜಿ ಹೆಗಲ ಚರ್ಮ ಜಡ್ಡುಗಟ್ಟಿತ್ತು. ರಟ್ಟೆಗೆ ಕಟ್ಟಿದ ತಾಯಿತದ ಕರಿದಾರ ಮಾಂಸದೊಳಗೆ ಹೂತು ಹೋಗಿ, ವರ್ಷಕ್ಕೊಂದು ಸಲ ಅದನ್ನು ಬಿಚ್ಚಿ ಸಡಿಲ ಮಾಡಬೇಕಾಗುತ್ತಿತ್ತು.

ಅರವತ್ತು ದಾಟಿದ ಮೇಲೆ ಆ ದಾರ ತಾನಾಗಿಯೇ ಸಡಿಲವಾಯಿತು. ಮೊದಲು ಮಾದಮ್ಮ ಅದನ್ನು ಗಮನಿಸಲಿಲ್ಲ. ಒಂದು ದಿನ ಬೆನ್ನಿಗೆ ನೀರು ಹುಯ್ಯುವಾಗ ತಾಯಿತ ಜಾರಿ ಮೊಣಕೈಗೆ ಬಂದದ್ದು ಕಂಡಳು. ಬಿಗಿದು ಕಟ್ಟಿದಳು. ಮುಂದಿನ ಹಬ್ಬದ ಹೊತ್ತಿಗೆ ಅದು ಮತ್ತೆ ಜಾರಿತು. ಬೇನೆಯಿಲ್ಲ, ಜ್ವರವಿಲ್ಲ, ಆದರೂ ರಟ್ಟೆಯ ಮಾಂಸ, ತೊಡೆಯ ಮಾಂಸ ಯಾರೋ ಕದ್ದೊಯ್ಯುತ್ತಿರುವ ಹಾಗೆ ಕಡಿಮೆಯಾಗುತ್ತಿತ್ತು. ಶೆಡ್ಡಿನಲ್ಲಿ ಅವನ ಮೂಟೆಗೂ ಕೈ ಕೊಡಲು ಒಬ್ಬ ಬೇಕಾದ, ಆಮೇಲೆ ಇಬ್ಬರು ಬೇಕಾದರು. ಎರಡನೇ ಚುನಾವಣೆ ನಡೆದ ವರ್ಷ, ಮಾಘಮಾಸದ ಒಂದು ಬೆಳಿಗ್ಗೆ, ಹಲಗೆಯ ನಡುವೆ ಅವನ ಕಾಲು ನಡುಗಿತು. ಮೂಟೆ ಕೆಳಗೆ ಬಿದ್ದು ಒಡೆದು ಭತ್ತವೆಲ್ಲ ಕಂಬಿಯ ಮೇಲೆ ಚೆಲ್ಲಿತು. ಹುಡುಗ ಹಮಾಲರು ನಗಲಿಲ್ಲ. ನಕ್ಕಿದ್ದರೆ ಅವನು ಬೈದು ಸುಮ್ಮನಾಗುತ್ತಿದ್ದ. ಅವರೆಲ್ಲ ತಲೆ ತಗ್ಗಿಸಿಕೊಂಡು ಭತ್ತ ಬಾಚತೊಡಗಿದರು.

ಪೇಟೆಯ ಭತ್ತದ ಮಂಡಿಯ ಯಜಮಾನರು ಪಂಚಾಕ್ಷರಯ್ಯ. ವಿಭೂತಿ ಹಚ್ಚಿದ ಹಣೆ, ಮೆದು ಮಾತು. ಅವರ ಭತ್ತವನ್ನೇ ಕೆಂಚಯ್ಯ ಆಯುಸ್ಸೆಲ್ಲ ಹೊತ್ತದ್ದು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು:

"ಕೆಂಚಾ, ನೀನು ಹೊತ್ತದ್ದು ಸಾಕು ಕಣಯ್ಯ. ನಾಳೆಯಿಂದ ಮಂಡಿ ಬಾಗಿಲಲ್ಲಿ ಕೂತ್ಕೊ. ಧಾನ್ಯಕ್ಕೆ ಕೋಳಿ, ಮೇಕೆ ಬಾಯಿ ಹಾಕದಂಗೆ ನೋಡ್ಕೊಂಡಿದ್ರೆ ಆಯ್ತು."

ಕೆಂಚಯ್ಯ ಗೋಣಿಯ ಗೊಪ್ಪೆಯನ್ನು ತಲೆಯಿಂದ ತೆಗೆದು ಮಡಚಿ, "ಆಗ್ಲಿ ಬುದ್ಧಿ," ಎಂದು ಮನೆಗೆ ಬಂದ. ಮಾರನೆಯ ದಿನ ಮಂಡಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಪಲ್ಲದ ಮೂಟೆ ಹೊತ್ತವನು ಕೋಳಿ ಓಡಿಸುವುದೆಂದರೇನು? ಮನೆಯ ಜಗಲಿಯ ಮೇಲೆ ಕಂಬಕ್ಕೊರಗಿ ಕೂತುಬಿಟ್ಟ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಕೂತು ಉಣ್ಣಲಾರದವನ ಸಂಕಟ ಗೊತ್ತಿರಲಿಲ್ಲ. ಮಗ ಚಲುವಯ್ಯ ಕೂಲಿನಾಲಿ ಮಾಡಿ ಮನೆ ನಡೆಸುತ್ತಿದ್ದ, ಸೊಸೆ ಮಾವನಿಗೆ ಒಂದು ಮಾತು ಎದುರಾಡಿದವಳಲ್ಲ. ಆದರೂ ಕೆಂಚಯ್ಯ ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಅರ್ಧ ಮುರಿದು ಪಕ್ಕಕ್ಕಿಡುತ್ತಿದ್ದ.

"ಉಣ್ಣಿ," ಎನ್ನುತ್ತಿದ್ದಳು ಮಾದಮ್ಮ.

"ಯಾವ ಮೂಟೆ ಹೊತ್ತು ಬಂದಿವ್ನಿ ಅಂತ ಇಡೀ ಮುದ್ದೆ ಉಣ್ಲಿ?"

ಉಣ್ಣದಿದ್ದರೆ ಮೈ ಇನ್ನೂ ಇಳಿಯಿತು. ಮೈ ಇಳಿದಷ್ಟೂ ಏಳಲು ಮನಸ್ಸಿಲ್ಲ. ಏಳದೆ ಕೂತರೆ ಕಾಲಿನಲ್ಲಿದ್ದ ಅಷ್ಟಿಷ್ಟು ಬಲವೂ ಹೋಯಿತು. ಎರಡು ವರ್ಷದಲ್ಲಿ ಅವನು ನೆಲದಿಂದ ಎದ್ದೇಳಲು ಕಂಬ ಹಿಡಿಯುವ ಹಾಗಾದ. ಮೇಲಾಗಿ ಮಾತು ನಿಂತಿತು. ಮಾದಮ್ಮನಿಗೆ ಹೆಚ್ಚು ನೋವಾದದ್ದು ಅದೇ. ಆ ಬಾಯಿ ಸುಮ್ಮನಾದ ಮೇಲೆ ಮನೆಯೇ ಬಿಕೋ ಎನ್ನುತ್ತಿತ್ತು. ಬೈಯಲಿ, ರೇಗಲಿ, ಏನಾದರೂ ಅನ್ನಲಿ ಎಂದು ಅವಳು ಬೇಕೆಂದೇ ಅವನ ಎಲೆಯಡಿಕೆ ಚೀಲ ಬಚ್ಚಿಟ್ಟು ನೋಡಿದಳು. ಅವನು ಕೇಳಲೂ ಇಲ್ಲ.

ಆಮೇಲೆ ಏದುಸಿರು ಶುರುವಾಯಿತು. ಬಾವಿಯ ತನಕ ಹೋಗಿ ಬಂದರೆ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಪಾದ ಊದಿಕೊಂಡು, ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ವಿಷಯ ಪಂಚಾಕ್ಷರಯ್ಯನವರ ಕಿವಿಗೆ ಬಿತ್ತು. ಹಾಸನದಲ್ಲಿ ಅವರಿಗೆ ಬೇಕಾದ ಒಬ್ಬ ಡಾಕ್ಟರು ಮೈಯೊಳಗಿನ ಪಟ ತೆಗೆಯುವ ಯಂತ್ರ ತರಿಸಿದ್ದರಂತೆ. ಅಲ್ಲಿಗೆ ಹೋಗಿ ಬನ್ನಿ ಎಂದು ಹೇಳಿ ಕಳಿಸಿದರು.

ಚಲುವಯ್ಯ ಅಪ್ಪ ಅವ್ವ ಇಬ್ಬರನ್ನೂ ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದ. ಪಟ ತೆಗೆದದ್ದಾಯಿತು. ಡಾಕ್ಟರು ಎಳೆಯ ವಯಸ್ಸಿನವರು, ಬೇರೆ ಸೀಮೆಯವರು, ಅವರದು ಪುಸ್ತಕದ ಕನ್ನಡ. ಕಪ್ಪು ಹಾಳೆಯಂಥ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೃದಯ ಎಂದರೆ ಈ ಮುದುಕನಿಗೆ ತಿಳಿಯುವುದೋ ಇಲ್ಲವೋ ಎಂದು ಯೋಚಿಸಿ, ಹಳ್ಳಿಯವರ ಮಾತನ್ನೇ ಹುಡುಕಿ ಹೇಳಿದರು.

"ಅಜ್ಜ, ನಿಮ್ಮ ಗುಂಡಿಗೆ ದೊಡ್ಡದಾಗಿದೆ."

ಅಷ್ಟರಲ್ಲಿ ಹೊರಗೆ ಯಾರನ್ನೋ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಡಾಕ್ಟರು ಪಟವನ್ನು ಮೇಜಿನ ಮೇಲಿಟ್ಟು, "ಉಳಿದದ್ದನ್ನು ನರ್ಸಮ್ಮ ಹೇಳುತ್ತಾರೆ," ಎಂದು ಹೊರಗೆ ಓಡಿದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಅವರ ಪುಸ್ತಕದಲ್ಲಿ ಅದು ಕಾಯಿಲೆಯ ಹೆಸರು. ನಮ್ಮ ಕಡೆ ಗುಂಡಿಗೆ ದೊಡ್ಡದು ಎಂದರೆ ಅದು ಬಿರುದು. ಹುಲಿಯನ್ನು ಬರಿಗೈಲಿ ಹೊಡೆದವನಿಗೆ, ಅಮಲ್ದಾರನ ಎದುರು ಎದೆಸೆಟೆಸಿ ನಿಂತವನಿಗೆ ಊರು ಕೊಡುವ ಬಿರುದು. ಅದನ್ನು ಒಬ್ಬ ಡಾಕ್ಟರು, ಅದೂ ಮೈಯೊಳಗೆ ಇಣುಕಿ ನೋಡಿ ಹೇಳಿದರೆ ಇನ್ನು ಕೇಳಬೇಕೇ!

ಕೆಂಚಯ್ಯ ಅಂಗಿ ತೊಡುವುದನ್ನೂ ಮರೆತು ಹೊರಗಿನ ಬೆಂಚಿನ ಕಡೆಗೆ ನಡೆದ. ಮಗ ಔಷಧಿ ತರಲು ಹೋದ. ಮಾದಮ್ಮ ಒಬ್ಬಳೇ ಒಳಗೆ ಉಳಿದಳು. ನರ್ಸಮ್ಮ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು:

"ನೋಡಿ ಅಮ್ಮ, ವಯಸ್ಸಾದ ಮೇಲೆ ಕೈಕಾಲಿನ ಮಾಂಸ ಕರಗುತ್ತೆ. ಅದು ನಿಮ್ಮ ಕಣ್ಣಿಗೆ ಕಾಣುತ್ತೆ. ಗುಂಡಿಗೆಯೂ ಮಾಂಸವೇ. ಅದೂ ಸೋತಿದೆ. ಸೋತು ಊದಿಕೊಂಡಿದೆ. ಹಳೇ ಚೀಲ ಜಗ್ಗಿ ದೊಡ್ಡದಾಗುತ್ತಲ್ಲ, ಹಾಗೆ. ಉಪ್ಪು ಕಡಿಮೆ ಮಾಡಿ. ಹಾಲು, ಮೊಟ್ಟೆ, ಕಾಳು ಹೊಟ್ಟೆ ತುಂಬ ಕೊಡಿ. ಕೂತಲ್ಲೇ ಕೂರಿಸಬೇಡಿ, ನಿಧಾನವಾಗಿ ನಡೀಲಿ. ಆದರೆ ಭಾರ ಎತ್ತಿಸಲೇಬೇಡಿ. ಒಂದು ಸಲ ಭಾರ ಎತ್ತಿದರೂ ನಿಂತುಹೋಗಬಹುದು."

"ಏನು ನಿಂತೋಯ್ತದೆ ತಾಯಿ?"

ನರ್ಸಮ್ಮ ಅವಳ ಕೈಯನ್ನು ಹಿಡಿದುಕೊಂಡಳು. ಮಾದಮ್ಮನಿಗೆ ಅರ್ಥವಾಯಿತು.

ಈಗಲೇ ಹೇಳಿಬಿಡಬೇಕು ಎಂದುಕೊಂಡೇ ಅವಳು ಹೊರಗೆ ಬಂದಳು. ಹೊರಗೆ ಬೆಂಚಿನ ಮೇಲೆ ಕೆಂಚಯ್ಯ ಬರಿ ಮೈಯಲ್ಲಿ ಕೂತು, ಅಕ್ಕಪಕ್ಕದ ರೋಗಿಗಳನ್ನೆಲ್ಲ ಸುತ್ತ ಸೇರಿಸಿಕೊಂಡಿದ್ದ.

"ಪಟ ತೆಗ್ದು ನೋಡುದ್ರು ಕಣ್ರಪ್ಪ! ಪಟದಾಗೆ ಕಂಡೈತೆ! ನಿನ್ ಗುಂಡ್ಗೆ ದೊಡ್ಡದು ಕಣಜ್ಜ ಅಂದ್ರು. ನಾನೇನು ಏಳ್ದೆ? ಮೂಟೆ ಒತ್ತಿವ್ನಿ ಅಂತ ನಾನು ಬಾಯೇ ಬುಟ್ಟಿಲ್ಲ. ಅವ್ರೇ ಏಳುದ್ರು!"

ಹೇಳುತ್ತ ತೊಡೆ ತಟ್ಟಿಕೊಂಡ. ತೊಡೆಯಲ್ಲಿ ಮಾಂಸವಿಲ್ಲ, ಸಪ್ಪಳ ಬರಲಿಲ್ಲ. ಆದರೆ ಮುಖ ಮಾತ್ರ ಹಳೆಯ ಕೆಂಚಯ್ಯನ ಮುಖ. ಎರಡು ವರ್ಷದಿಂದ ಅವಳು ಹುಡುಕುತ್ತಿದ್ದ ಮುಖ ಅದು. ಹೆಂಡತಿಯನ್ನು ಕಂಡು, "ಕೇಳ್ದೇನೇ ಮಾದಿ?" ಎಂದ.

ಅವಳ ಗಂಟಲಿಗೆ ಬಂದ ಮಾತು ಬಿಸಿತುಪ್ಪವಾಯಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ನುಂಗಿದಳು. "ಊಂ, ಕೇಳ್ದೆ. ಅಂಗಿ ಆಕ್ಕಳಿ, ಚಳಿ ಐತೆ," ಎಂದಳು.

ರೈಲಿನಲ್ಲಿ ಇಡೀ ಡಬ್ಬಿಗೆ ವಿಷಯ ತಿಳಿಯಿತು. ಊರಿಗೆ ಬಂದ ಮೇಲೆ ಕೇರಿಗೆ ತಿಳಿಯಿತು. ಮಗ ಚಲುವಯ್ಯನೂ ಅಪ್ಪನ ಮಾತನ್ನೇ ನಂಬಿದ. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದೆಂದು ಮಾದಮ್ಮ ಅವನಿಗೂ ನಿಜ ಹೇಳಲಿಲ್ಲ. ಕೆಲವರು ಅನುಮಾನದಿಂದ ಅವಳನ್ನೇ ಕೇಳಿದರು. "ದಿಟವಾ ಮಾದಮ್ಮ? ಡಾಕ್ಟ್ರು ಅಂಗಂದ್ರಾ?" ಜಗಲಿಯ ಮೇಲಿಂದ ಎರಡು ಕಣ್ಣು ತನ್ನನ್ನೇ ನೋಡುತ್ತಿವೆ ಎಂದು ಅವಳಿಗೆ ಗೊತ್ತಿತ್ತು. "ಊಂ ಕಣವ್ವ, ನಾನೇ ಕಿವಿಯಾರೆ ಕೇಳಿವ್ನಿ. ಅಂಥ ಗುಂಡ್ಗೆ ಈ ಸೀಮೆಲೇ ಕಂಡಿಲ್ಲ ಅಂದ್ರು," ಎಂದುಬಿಡುತ್ತಿದ್ದಳು. ಸುಳ್ಳು ಹೇಳುವವರು ಅಳತೆಯಲ್ಲಿ ಹೇಳಬೇಕು. ಅಭ್ಯಾಸವಿಲ್ಲದವರು ಹೇಳಿದರೆ ಹೀಗೇ, ಒಂದಕ್ಕೆ ಎರಡು ಸೇರಿಸಿಬಿಡುತ್ತಾರೆ.

ವಿಚಿತ್ರವೆಂದರೆ ಆ ಸುಳ್ಳೇ ಮದ್ದಾಯಿತು. ಕೆಂಚಯ್ಯ ಇಡೀ ಮುದ್ದೆ ಉಂಡ. ದೊಡ್ಡ ಗುಂಡಿಗೆಗೆ ಹಾಲು ಮೊಟ್ಟೆ ಬೇಕಂತೆ ಎಂದು ಅವಳು ಕೊಟ್ಟರೆ, ಬೇಡವೆನ್ನದೆ ತಿಂದ. ಮೊದಲು ಕಟ್ಟೆಯ ತನಕ, ಆಮೇಲೆ ಹೊಲದ ತನಕ, ಮೆಲ್ಲಗೆ ಕೋಲೂರಿ ನಡೆದ. ಪಾದದ ಊತ ಇಳಿಯಿತು. ಕಂಬ ಹಿಡಿಯದೆ ನೆಲದಿಂದ ಎದ್ದ ದಿನ ಮಾದಮ್ಮ ಒಳಗೆ ಹೋಗಿ ಅತ್ತಳು. ಬಾಯಿಯೂ ಮರಳಿ ಬಂತು. ಸಾರಿಗೆ ಉಪ್ಪಿಲ್ಲ ಎಂದು ದಿನಾ ಜಗಳ.

"ಏನೇ ಇದು, ಹುರುಳಿ ಸಾರೋ ಇಲ್ಲ ಹುರುಳಿ ತೊಳೆದ ನೀರೋ?"

"ಉಪ್ಪಾಕಿವ್ನಿ, ನಿಮ್ ನಾಲ್ಗೆಗೇ ವಯಸ್ಸಾಗೈತೆ."

"ಗುಂಡ್ಗೆಗೆ ಆಗ್ದೇ ಇರೋ ವಯಸ್ಸು ನಾಲ್ಗೆಗೆ ಎಂಗೇ ಆಯ್ತದೆ?"

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ನಗುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ ಅವನು.

ಆದರೆ ಸುಖವಿಲ್ಲದ ಕಾವಲು ಅದು. ಅವನು ಏಳುವ ಮುಂಚೆ ಎದ್ದು ಬಾವಿಯ ನೀರೆಲ್ಲ ತಾನೇ ತಂದು ತುಂಬುತ್ತಿದ್ದಳು. ಸೌದೆ ಹೊರೆ ಬಂದರೆ ಮಗ ಬರುವ ಮುಂಚೆ ತಾನೇ ಒಳಗೆ ಎಳೆದು ಹಾಕುತ್ತಿದ್ದಳು. ಒರಳುಕಲ್ಲು ಸರಿಸಲು ಅವನು ಕೈಯಿಟ್ಟರೆ, ಶನಿವಾರ ಕಲ್ಲು ಸರಿಸಬಾರದು ಎಂದು ಇಲ್ಲದ ಶಾಸ್ತ್ರ ತೆಗೆಯುತ್ತಿದ್ದಳು. ಅವಳಿಗೂ ಅರವತ್ತಾಗುತ್ತ ಬಂದಿತ್ತು. ಅವಳ ಬಳೆಗಳೂ ಮೊಣಕೈ ತನಕ ಏರಿಳಿಯುತ್ತಿದ್ದವು. ಅದನ್ನು ಯಾರೂ ನೋಡಲಿಲ್ಲ, ಅವಳೂ ನೋಡಿಕೊಳ್ಳಲಿಲ್ಲ.

ಸುಗ್ಗಿ ಹತ್ತಿರ ಬಂದಾಗ ಕೆಂಚಯ್ಯ, "ಮಂಡೀಗೆ ಓಗಿ ಒಂದು ಮೂಟೆ ಎತ್ತಿ ಬತ್ತೀನಿ. ಆ ಹೈಕಳು ನೋಡ್ಲಿ," ಎಂದ. ಅಂದೇ ಮಧ್ಯಾಹ್ನ ಮಾದಮ್ಮ ಸೊಪ್ಪು ತರುವ ನೆಪ ಹೇಳಿ ಪೇಟೆಗೆ ಹೋಗಿ, ಮಂಡಿಯ ಮೆಟ್ಟಿಲ ಕೆಳಗೆ ಕೈಮುಗಿದು ನಿಂತಳು. ಪಂಚಾಕ್ಷರಯ್ಯನವರ ಮುಂದೆ ಮೊದಲ ಸಲ ಎಲ್ಲವನ್ನೂ ಹೇಳಿದಳು.

ಅವರು ಬರೆಯುತ್ತಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟರು. "ಅವನು ಬಂದ್ರೆ ಮೂಟೆ ಮುಟ್ಟಿಸೋದಿಲ್ಲ. ಆ ಮಾತು ನಂದು. ಆದ್ರೆ ಮಾದಮ್ಮ, ಅವನಿಗೆ ಹೇಳ್ಬಿಡು. ತಿಳೀದೋನು ಒಂದಲ್ಲ ಒಂದಿನ ಏನಾದ್ರೂ ಎತ್ತೇ ಎತ್ತುತ್ತಾನೆ."

"ಏಳುದ್ರೆ ಮತ್ತೆ ಜಗಲಿ ಮ್ಯಾಲೆ ಕುಂತ್ಕತಾರೆ ಬುದ್ಧಿ. ಎರಡು ವರ್ಷ ಅವ್ರು ಕುಂತಿದ್ದು ನಾನು ನೋಡಿವ್ನಿ. ಅದು ಬದುಕಿದ್ದಂಗಲ್ಲ."

"ಎತ್ತಿದ್ರೆ?"

"ಎತ್ತಾಕೆ ಬುಡಾಕಿಲ್ಲ. ಮನೇಲಿರೋ ಬಾರ ಎಲ್ಲಾ ನಾನೇ ಕಾಯ್ತಿವ್ನಿ," ಎಂದಳು ಮಾದಮ್ಮ.

ಪಂಚಾಕ್ಷರಯ್ಯನವರು ನಿಟ್ಟುಸಿರುಬಿಟ್ಟು ಒಂದು ಮೊರ ಹೆಸರುಕಾಳು ಕೊಡಿಸಿದರು. ಸುಗ್ಗಿ ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಅವಳು ಮನೆಗೆ ಬಂದಳು.

ಮಾರ್ಗಶಿರದಲ್ಲಿ ರಾಗಿ ಕೊಯ್ದಾಗಿತ್ತು. ಸಾಲಿನ ನಡುವೆ ಹಾಕಿದ್ದ ಅವರೆ ಮಾತ್ರ ಸೊನೆ ತುಂಬಿ ನಿಂತಿತ್ತು. ಚಲುವಯ್ಯ ಹೆಂಡತಿಯನ್ನು ಕರೆದುಕೊಂಡು ಚನ್ನರಾಯಪಟ್ಟಣದಲ್ಲಿದ್ದ ಅವಳ ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದ. ಅದು ಸಂತೆಯ ದಿನ ಬೇರೆ, ಕೇರಿ ಖಾಲಿ. ಗಂಡ ಹೆಂಡತಿ ಇಬ್ಬರೇ ಸಾರಿಗೆ ಅವರೆಕಾಯಿ ಬಿಡಿಸಿ ತರಲೆಂದು ಕೆರೆಯ ಹಿಂದಿನ ತಮ್ಮ ತುಂಡು ಹೊಲಕ್ಕೆ ಹೋದರು. ಬಿಸಿಲು ಹಿತವಾಗಿತ್ತು. ಕೆಂಚಯ್ಯ ಬದುವಿನ ಮೇಲೆ ಕೂತು, ಯಾವನೋ ಸ್ಟೇಷನ್ ಮಾಸ್ತರನನ್ನು ತಾನು ಬೈದ ಹಳೆಯ ಕಥೆ ಹೇಳುತ್ತಿದ್ದ. ಮಡಿಲು ತುಂಬ ಕಾಯಿ ತುಂಬಿಕೊಂಡು ಮಾದಮ್ಮ ಬದು ಇಳಿಯುವಾಗ ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ ಕಾಲು ಜಾರಿತು. ಕೆಳಗಿನ ಕಾಲುವೆಗೆ ಬಿದ್ದಳು. ಹಿಮ್ಮಡಿಯ ಮೇಲೆ ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

ಎದ್ದು ನಿಲ್ಲಲು ಹೋದಳು, ಆಗಲಿಲ್ಲ. ಕಣ್ಣು ಕತ್ತಲಿಟ್ಟಿತು. ಕಣ್ಣು ತೆರೆದಾಗ ಕೆಂಚಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಕಾಲನ್ನು ಮೆಲ್ಲಗೆ ಮುಟ್ಟಿ ನೋಡುತ್ತಿದ್ದ.

"ಮುರ್ದೈತೆ ಕಣೇ."

"ಪಕ್ಕದ್ಮನೆ ನಂಜಪ್ಪನ ಗಾಡಿ ಕರ್ಕ ಬನ್ನಿ, ಓಗಿ."

"ನಂಜಪ್ಪ ಗಾಡಿ ಕಟ್ಕಂಡು ಸಂತೆಗೆ ಓಗವ್ನೆ."

"ಅಂಗಾದ್ರೆ ಸಂಜೆಗಂಟ ಇಲ್ಲೇ ಕುಂತಿರ್ತೀನಿ. ನೀವು ಮನೆಗೆ ಓಗಿ."

"ಕುಂತಿರ್ತಾಳಂತೆ!" ಎಂದು ಅವನು ನಕ್ಕ. ಕೋಲನ್ನು ಆಚೆಗೆ ಎಸೆದ. ಅವಳನ್ನು ಬದುವಿಗೆ ಒರಗಿಸಿ ಕೂರಿಸಿದ. ಆಮೇಲೆ ತಿರುಗಿ, ಮಂಡಿ ಬಗ್ಗಿಸಿ, ಬೆನ್ನು ಕೊಟ್ಟ.

ಆಗ ಮಾದಮ್ಮನಿಗೆ ತಿಳಿಯಿತು. ಮನೆಯ ಕೊಡ, ಕಲ್ಲು, ಸೌದೆ, ಪೇಟೆಯ ಮೂಟೆ, ಎಲ್ಲಕ್ಕೂ ಕಾವಲಿದ್ದವಳು ತನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಬ್ಯಾಡ!" ಎಂದು ಕೈ ಕಿತ್ತುಕೊಂಡಳು. ಅವನು ಅವಳ ಎರಡೂ ತೋಳುಗಳನ್ನು ಹಿಂದಿನಿಂದಲೇ ಹಿಡಿದು ಹೆಗಲ ಮೇಲೆ ಎಳೆದುಕೊಂಡ. 'ಹುಂ' ಎಂದ. ಮೊದಲ ಸಲ ಏಳಲಾಗಲಿಲ್ಲ. ಎರಡನೆಯ ಸಲ ಕಾಲುಗಳು ಥರಥರ ನಡುಗುತ್ತ, ನಡುಗುತ್ತಲೇ ನೆಟ್ಟಗಾದವು.

"ನೋಡ್ದಾ!" ಎಂದ.

ಅವಳ ಕಿವಿ ಅವನ ಬೆನ್ನಿಗೆ ಒತ್ತಿಕೊಂಡಿತ್ತು. ಒಳಗೆ ಗುಂಡಿಗೆ ಮಡಕೆಯಲ್ಲಿ ಸಿಕ್ಕ ಇಲಿಯ ಹಾಗೆ ದಿಕ್ಕುತಪ್ಪಿ ಬಡಿದುಕೊಳ್ಳುತ್ತಿತ್ತು. ಒಂದು ಗಳಿಗೆ ನಿಲ್ಲುವುದು, ಮತ್ತೆ ಓಡುವುದು.

"ಇಳ್ಸಿ, ನಿಮ್ ದಮ್ಮಯ್ಯ, ಇಳ್ಸಿ."

"ಏನೇ ಮಾದಿ, ನೀನೇನು ಇಷ್ಟು ಹಗುರಾಗಿದ್ದೀಯಾ? ಅರ್ಧ ಪಲ್ಲವೂ ತೂಗಾಕಿಲ್ವಲ್ಲೇ. ನಿನ್ನ ಮೈಯೆಲ್ಲ ಎಲ್ಲಿಗೋಯ್ತು?"

"ಇಳ್ಸು ನನ್ನ! ಇಳ್ಸು ಅಂದೆ!"

ಲಗ್ನವಾದ ಮೇಲೆ ಮಾದಮ್ಮ ಗಂಡನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಅವನಿಗೆ ಅದೂ ತಮಾಷೆಯಾಗಿ ಕಂಡು ಕುಲುಕುಲು ನಕ್ಕ. ನಗುವಿಗೆ ಉಸಿರು ಸಾಲದೆ ಕೆಮ್ಮಿದ. ಅಷ್ಟರಲ್ಲಿ ಕೆರೆಯ ಏರಿ ಹತ್ತಿದ್ದಾಗಿತ್ತು. ಊರು ಇನ್ನೂ ಏರಿಯ ಆ ತುದಿಯಲ್ಲಿತ್ತು. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಮಾದಮ್ಮ ಅವನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದಳು.

"ಡಾಕ್ಟ್ರು ಏಳಿದ್ದು ಅದಲ್ಲ. ದೊಡ್ಡದು ಅಂದ್ರೆ ಕಾಯ್ಲೆ. ನಿನ್ ಗುಂಡ್ಗೆ ಸೋತೋಗೈತೆ, ಊದ್ಕಂಡೈತೆ. ಬಾರ ಎತ್ತುದ್ರೆ ನಿಂತೋಯ್ತದೆ ಅಂತ ನರ್ಸಮ್ಮ ಏಳುದ್ಲು. ನಾನು ಇಷ್ಟು ದಿನ ಸುಳ್ಳು ಏಳ್ದೆ."

"ಕೆಳೀಕ್ ಇಳಿಯಾಕೆ... ಏನೇನ್ ಕತೆ ಕಟ್ತೀಯೇ," ಎಂದ ಅವನು. "ಊರಿಗೆಲ್ಲ... ನೀನೇ ಅಲ್ವೇನೇ ಏಳ್ದೋಳು? ಈ ಸೀಮೆಲೇ ಇಲ್ಲ ಅಂತ?"

"ಅದು ಸುಳ್ಳು. ಇದು ದಿಟ."

"ಅದ್ಯಾಕ್ ಸುಳ್ಳು... ಇದೇ ಸುಳ್ಳು."

"ಚಲುವನ ಮ್ಯಾಲಾಣೆ!"

ಕೆಂಚಯ್ಯ ನಿಂತ. ಹೆತ್ತ ಮಗನ ಮೇಲೆ ಆಣೆಯಿಟ್ಟ ಹೆಂಡತಿಯ ಮಾತಿಗೆ ನಿಂತನೋ, ಉಸಿರಿಗೆ ನಿಂತನೋ. ಬಹಳ ಹೊತ್ತು ನಿಂತಿದ್ದ. ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಇಳಿಸುತ್ತಾನೆ ಎಂದು ಅವಳು ಉಸಿರು ಬಿಗಿಹಿಡಿದು ಕಾದಳು. ಅವನು ಇಳಿಸಲಿಲ್ಲ. ಜಾರುತ್ತಿದ್ದ ಅವಳನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆ ಕುಲುಕಿಕೊಂಡು ಹೆಜ್ಜೆ ಮುಂದಿಟ್ಟ. ಅಲ್ಲಿಂದಾಚೆಗೆ ಅವನು ಮಾತಾಡಲಿಲ್ಲ. ನಂಬಿ ಸುಮ್ಮನಾದನೋ, ನಂಬದೆ ಸುಮ್ಮನಾದನೋ, ಮಾದಮ್ಮನಿಗೆ ಆಯುಸ್ಸು ಮುಗಿಯುವ ತನಕ ತಿಳಿಯಲಿಲ್ಲ.

ಅವಳೂ ಮತ್ತೆ ಬಾಯಿ ತೆರೆಯಲಿಲ್ಲ. ತಾನು ಏನು ಅಂದರೂ ಅವನು ಉತ್ತರ ಕೊಡಲು ಹೋಗುತ್ತಾನೆ, ಒಂದೊಂದು ಉತ್ತರಕ್ಕೂ ಉಸಿರು ಬೇಕು. ಒದ್ದಾಡಿದರೆ ಭಾರ ಹೆಚ್ಚುತ್ತದೆ. ಇನ್ನು ತನ್ನಿಂದ ಆಗುವ ಉಪಕಾರ ಅಲುಗಾಡದೆ ಇರುವುದೊಂದೇ ಎಂದು ಕಣ್ಣು ಮುಚ್ಚಿ, ಅವನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯದೆ, ಮೆಲ್ಲಗೆ ಆತುಕೊಂಡಳು. ಅವನ ಬೆನ್ನಿನ ಬೆವರು ಅವಳ ಕೆನ್ನೆಯನ್ನು ತೋಯಿಸಿತು. ದೇವರೇ, ಇವರ ಹೆಜ್ಜೆ ನಿಲ್ಲುವ ಮೊದಲು ಈ ದಾರಿ ಮುಗಿಯಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ದಾರಿ ಮುಗಿಯಿತು. ಮನೆಯ ಜಗಲಿಗೆ ಬೆನ್ನು ತಿರುಗಿಸಿ, ಹೊರೆ ಇಳಿಸುವುದರಲ್ಲಿ ಪಳಗಿದ ಮನುಷ್ಯ ನೋಯಿಸದೆ ಅವಳನ್ನು ಇಳಿಸಿದ. ಮುರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ಮೇಲೆ ಚಾಚಿಸಿದ. ಆಮೇಲೆ ಪಕ್ಕದಲ್ಲೇ ಕಂಬಕ್ಕೊರಗಿ ಕೂತ. ತುಟಿ ನೀಲಿಗಟ್ಟಿತ್ತು. ಬಾಯಿ ತೆರೆದು ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ.

"ಒಂದೀಟು ನೀರ್ ತತ್ತಾ," ಎಂದ.

ಇಷ್ಟು ವರ್ಷ ಹೊರೆ ಇಳಿಸಿ ಬಂದವನು ಕೇಳುತ್ತಿದ್ದದ್ದು ಅದೊಂದೇ, ಇಷ್ಟು ವರ್ಷ ಅವಳು ಎದ್ದು ಹೋಗಿ ತರುತ್ತಿದ್ದದ್ದೂ ಅದೊಂದೇ. ಈಗ ಕೇಳುವಾಗ ಅವಳ ಕಾಲು ಮುರಿದಿರುವುದನ್ನು ಅವನು ಮರೆತಿದ್ದ. ಅವಳು ನೆನಪಿಸಲಿಲ್ಲ. "ತಂದೆ, ಇರಿ," ಎಂದಳು. ಅಕ್ಕಪಕ್ಕದವರನ್ನು ಕೂಗಿದಳು, ಯಾರೂ ಓಗೊಡಲಿಲ್ಲ. ಜಗಲಿಯಿಂದ ಕೆಳಗೆ ಉರುಳಿಕೊಂಡಳು. ಹೊಸ್ತಿಲನ್ನು ಎದೆಯ ಮೇಲೆ ದಾಟಿದಳು. ಮೊಣಕೈಯೂರಿ, ಕಾಲನ್ನು ಹಿಂದೆ ಎಳೆಯುತ್ತ, ನೀರಿನ ಹಂಡೆಯ ತನಕ ತೆವಳಿದಳು. ಚೊಂಬಿನಲ್ಲಿ ಮೊಗೆದು, ಅದನ್ನು ಒಂದು ಗೇಣು ಮುಂದೆ ಇಡುವುದು, ಮೈಯನ್ನು ಅಲ್ಲಿಯ ತನಕ ಎಳೆಯುವುದು. ನೀರು ತುಳುಕಿ ನೆಲವೆಲ್ಲ ಒದ್ದೆಯಾಯಿತು. "ಬಂದೆ, ಬಂದೆ ಕಣಿ," ಎಂದು ಒಳಗಿನಿಂದಲೇ ಹೇಳುತ್ತಿದ್ದಳು. ಹೊರಗಿನಿಂದ ಉಸಿರಿನ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಹೊಸ್ತಿಲಿಗೆ ಬಂದಾಗ ಚೊಂಬಿನ ತಳದಲ್ಲಿ ಒಂದೆರಡು ಗುಟುಕು ಉಳಿದಿತ್ತು. ಕಂಬ ಹಿಡಿದು ಮೇಲೆದ್ದು ಅವನ ತುಟಿಗೆ ಹಿಡಿದಳು. ನೀರು ಒಳಗೆ ಹೋಗದೆ ಗದ್ದದ ಮೇಲೆ ಇಳಿದು ಎದೆಯನ್ನು ತೋಯಿಸಿತು. ಸೆರಗಿನಿಂದ ಒರೆಸಿದಳು. ಮತ್ತೆ ಹಿಡಿದಳು, ಮತ್ತೆ ಒರೆಸಿದಳು.

ಹೊತ್ತು ಇಳಿಯುವಾಗ ಸಂತೆಯಿಂದ ಗಾಡಿ ಬಂತು. ನಂಜಪ್ಪ ಎತ್ತುಗಳನ್ನು ನೊಗದಿಂದ ಬಿಚ್ಚದೆ ಓಡಿಬಂದ. ಹಿಂದೆಯೇ ಕೇರಿಯೆಲ್ಲ ಬಂತು. ಚಾಪೆ ಹಾಸಿ ಮಲಗಿಸಬೇಕು ಎಂದರು ಯಾರೋ. ಪಲ್ಲದ ಮೂಟೆ ಹೊತ್ತ ಆಳು, ಸುಲಭಕ್ಕೆ ಏಳುವ ಹೆಣವಲ್ಲ ಎಂದುಕೊಂಡು ನಾಲ್ವರು ಮುಂದೆ ಬಂದರು. ನಂಜಪ್ಪ ಎಲ್ಲರಿಗಿಂತ ಮೊದಲು ಬಗ್ಗಿ, ಬೆನ್ನ ಕೆಳಗೊಂದು ಮಂಡಿಯ ಕೆಳಗೊಂದು ಕೈ ಹಾಕಿ ಎತ್ತಿದ. ಒಬ್ಬನ ಕೈಯಲ್ಲೇ ದೇಹ ಮಗುವಿನ ಹಾಗೆ ಎದ್ದು ಬಂತು. ಉಳಿದ ಮೂವರು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು. ಕೇರಿಗೆ ಕೇರಿಯೇ ಅದನ್ನು ನೋಡಿತು.

ಮಾದಮ್ಮ ಖಾಲಿ ಚೊಂಬನ್ನು ಹಿಡಿದು ಕಂಬದ ಪಕ್ಕದಲ್ಲಿ ಕೂತಿದ್ದಳು.

"ಮೆಲ್ಗೆ ಕಣಪ್ಪ ನಂಜಪ್ಪ," ಎಂದಳು. "ಈಗ್ತಾನೆ ಬಂದು ಕುಂತವ್ರೆ."